ಕ್ಷಾರದ ಕ್ಯಾನು, ಷಕಾರದ ಒತ್ತು

ಮೊನ್ನೆ ಶಿರಸಿ ಪೇಟೆಯಲ್ಲಿ ಹೊಸದಾಗಿ ತೆರೆದ ತಿಂಡಿ ಅಂಗಡಿಯೊಂದರ ಮುಂದೆ ‘ಇಲ್ಲಿ ಕಾರ ಅವಲಕ್ಕಿ ಸಿಗುತ್ತದೆ’ ಎಂದು ಬರೆದ ಹಲಗೆ ನೋಡಿದೆ. ಬೇರೆಯವರು ಅದನ್ನು ಓದಿದರೆ ಬಾಯಲ್ಲಿ ನೀರೂರುತ್ತದೆ. ನನಗೆ ಬೆನ್ನಲ್ಲಿ ಬೆವರು ಇಳಿಯಿತು. ಖಕಾರ ಹೋಗಿ ಕಕಾರ ಬಂದಿದೆ ಎಂಬ ಮಾಸ್ತರಿಕೆಯ ಸಿಟ್ಟು ಅದಲ್ಲ. ಹಾಗೆ ಸಿಟ್ಟು ಮಾಡಿಕೊಳ್ಳುತ್ತ ಹೋದರೆ ನಮ್ಮ ಪೇಟೆಯ ಒಂದು ಬೀದಿ ದಾಟುವಷ್ಟರಲ್ಲಿ ಬೀಪಿ ಏರಿರುತ್ತದೆ. ಅಂಗಡಿಯಾತ ನನ್ನ ಮುಖ ನೋಡಿ, ತೀರ ಖಾರವೇನಿಲ್ಲ ಸರ್, ಮಕ್ಕಳೂ ತಿನ್ನುತ್ತಾರೆ ಎಂದು ಧೈರ್ಯ ಹೇಳಿದ. ಕಾಲು ಕಿಲೋ ಕಟ್ಟಿಸಿಕೊಂಡು ಬಂದೆ. ಮನೆಯಲ್ಲಿ ಅದನ್ನು ಮೆಲ್ಲುತ್ತ ಕುಳಿತಾಗ ಆ ದಿನ ಪುನಃ ಕಣ್ಣಮುಂದೆ ಬಂತು. ನಿಮಗೆ ಹೇಳಿಬಿಡುತ್ತೇನೆ. ಹೇಳಿದಷ್ಟೂ ಎದೆ ಹಗುರವಾಗುವ ಸಂಗತಿ ಅದು.

ನಾನು ಬಿಳಗಿಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಬಹಳ ವರ್ಷ ರಸಾಯನಶಾಸ್ತ್ರ ಕಲಿಸಿದವನು. ಆಮ್ಲ, ಪ್ರತ್ಯಾಮ್ಲ, ಕ್ಷಾರ, ಲವಣ ಎಂದು ಗಂಟಲು ಹರಿಯುವಂತೆ ಕೂಗಿದವನು. ಮಕ್ಕಳು ಉತ್ತರಪತ್ರಿಕೆಯಲ್ಲಿ ಕ್ಷಾರಕ್ಕೆ ‘ಕಾರ’ ಎಂದು ಬರೆದರೆ ಕೆಂಪು ಪೆನ್ನಿನಲ್ಲಿ ಷಕಾರದ ಒತ್ತು ಕೊಟ್ಟು ಅರ್ಧ ಅಂಕ ಕಳೆಯುತ್ತಿದ್ದೆ. ಒತ್ತು ಹೋದರೆ ಏನಾಗುತ್ತದೆ ಸರ್, ಅರ್ಥ ಆಗುತ್ತದಲ್ಲ ಎಂದು ಒಬ್ಬ ಹುಡುಗಿ ಕೇಳಿದ್ದಳು. ಅವಳಿಗೆ ಒಂದು ಪೀರಿಯಡ್ ಪೂರ್ತಿ ಭಾಷಣ ಬಿಗಿದೆ. ಬಾಟಲಿಗೆ ಚೀಟಿ ಅಂಟಿಸದೆ ದ್ರಾವಣ ಇಟ್ಟವನು ಶತ್ರುವಿಗಿಂತ ಕೆಟ್ಟವನು ಎಂಬುದು ಪ್ರಯೋಗಾಲಯದಲ್ಲಿ ನನ್ನ ಮಂತ್ರ. ಇಷ್ಟೆಲ್ಲ ಹೇಳುತ್ತಿರುವುದು ಹೆಮ್ಮೆಗಲ್ಲ, ಮುಂದೆ ನನ್ನ ಮುಖಕ್ಕೆ ಮಂಗಳಾರತಿ ಆಗುವಾಗ ನಿಮಗೆ ಹಿನ್ನೆಲೆ ಗೊತ್ತಿರಲಿ ಎಂದು.

ನಿವೃತ್ತಿಯಾಗಿ ಶಿರಸಿಯಲ್ಲಿ ಮನೆ ಮಾಡಿದ ಮೇಲೆ ನನಗೆ ಸೋಪಿನ ಹುಚ್ಚು ಹಿಡಿಯಿತು. ಅದಕ್ಕೆ ಕಾರಣ ನನ್ನ ಅಕ್ಕ, ಹೆಗಡೆಕಟ್ಟಾದ ಸಾವಿತ್ರಕ್ಕ. ನನಗಿಂತ ಏಳು ವರ್ಷ ದೊಡ್ಡವಳು. ಅವಳು ವರ್ಷವರ್ಷ ಕಾಡಿನ ಉಪ್ಪಾಗೆ ಹಣ್ಣಿನ ಬೀಜದಿಂದ ತುಪ್ಪ ತೆಗೆದು, ಉಂಡೆ ಕಟ್ಟಿ, ನಮಗೊಂದು ಪಾಲು ಕಳಿಸುತ್ತಾಳೆ. ಮೊದಲೆಲ್ಲ ಅದರಲ್ಲೇ ದೋಸೆ ಎರೆಯುತ್ತಿದ್ದೆವು. ಈಗ ನನ್ನ ಹೆಂಡತಿ ಶಾರದೆಗೆ ಆ ವಾಸನೆ ಸೇರುವುದಿಲ್ಲ, ಬೇಡ ಎಂದು ಅತ್ತಿಗೆಗೆ ಹೇಳುವ ಧೈರ್ಯವೂ ಇಲ್ಲ. ಹೀಗಾಗಿ ಉಂಡೆಗಳು ಡಬ್ಬಿಯಲ್ಲಿ ಸೇರುತ್ತ ಹೋದವು. ಕೊಬ್ಬು ಇದೆ, ಕಾಸ್ಟಿಕ್ ಸೋಡಾ ಪೇಟೆಯಲ್ಲಿ ಸಿಗುತ್ತದೆ, ರಸಾಯನಶಾಸ್ತ್ರದ ಮಾಸ್ತರ ಮನೆಯಲ್ಲೇ ಕೊಳೆಯುತ್ತ ಬಿದ್ದಿದ್ದಾನೆ. ಮೂರೂ ಕೂಡಿದರೆ ಸೋಪಾಗಲೇಬೇಕು.

ಮೊದಲ ಸೋಪುಗಳ ವಿಷಯ ಕೇಳಬೇಡಿ. ಒಂದು ಬಾರಿ ಆದದ್ದನ್ನು ಕತ್ತಿಯಲ್ಲಿ ಕೊಯ್ಯಬೇಕಾಯಿತು, ಇನ್ನೊಂದು ಬಾರಿಯದು ಚಮಚದಲ್ಲಿ ತೆಗೆಯುವಂತಿತ್ತು. ನಾಲ್ಕನೆಯ ಸಲದ ಹೊತ್ತಿಗೆ ಕೈ ಕುದುರಿತು. ಉಪ್ಪಾಗೆ ತುಪ್ಪಕ್ಕೆ ಅರ್ಧದಷ್ಟು ತೆಂಗಿನೆಣ್ಣೆ ಸೇರಿಸಿದರೆ ಸೋಪು ಗಟ್ಟಿಯಾಗಿಯೂ ಇರುತ್ತದೆ, ನೊರೆಯೂ ಬರುತ್ತದೆ ಎಂದು ಗೊತ್ತಾಯಿತು. ಆದರೆ ಪ್ರತಿ ಸಲ ಕಾಸ್ಟಿಕ್ ಕರಗಿಸುವುದು ದೊಡ್ಡ ರಗಳೆ. ಅದು ನೀರಿಗೆ ಬಿದ್ದ ಕೂಡಲೇ ಒಲೆಯಿಲ್ಲದೆ ನೀರು ಕುದಿಯುವಷ್ಟು ಕಾಯುತ್ತದೆ, ಮೂಗು ಸುಡುವ ಹಬೆ ಏಳುತ್ತದೆ. ಅದು ಆರುವ ತನಕ ಶಾರದೆ ಮೂಗಿಗೆ ಸೆರಗು ಹಿಡಿದು ಅಂಗಳದಲ್ಲಿ ನಿಂತಿರುತ್ತಿದ್ದಳು, ನಾನು ಅವಳ ಕಣ್ಣು ತಪ್ಪಿಸುತ್ತಿದ್ದೆ. ಅದಕ್ಕೆ ಒಂದು ಉಪಾಯ ಮಾಡಿದೆ: ಒಂದೇ ದಿನ ಕೂತು, ಇಡೀ ವರ್ಷಕ್ಕೆ ಬೇಕಾದ ಕ್ಷಾರದ ನೀರನ್ನು ಮಾಡಿ ಇಟ್ಟುಬಿಡುವುದು. ಬೇಕಾದಾಗ ಬೇಕಾದಷ್ಟು ತೂಗಿ ಎಣ್ಣೆಗೆ ಹಾಕಿದರೆ ಮುಗಿಯಿತು.

ಮಾಡುವ ಕ್ರಮ ಸುಲಭ, ಮರೆತರೆ ಮಾತ್ರ ಕಷ್ಟ. ಮೂರು ಕಿಲೋ ನೀರು, ಮೂರು ಕಿಲೋ ಕಾಸ್ಟಿಕ್. ಸರಿಸಮ ತೂಕ ಇಟ್ಟುಕೊಂಡರೆ ಮುಂದೆ ಲೆಕ್ಕ ತಪ್ಪುವುದಿಲ್ಲ. ಎಷ್ಟು ಕಾಸ್ಟಿಕ್ ಬೇಕೋ ಅದರ ಎರಡರಷ್ಟು ದ್ರಾವಣ ತೂಗಿದರೆ ಆಯಿತು. ಕಾಸ್ಟಿಕ್ಕನ್ನು ನೀರಿಗೆ ಸ್ವಲ್ಪಸ್ವಲ್ಪವೇ ಹಾಕಬೇಕು, ಕಾಸ್ಟಿಕ್ಕಿಗೆ ನೀರು ಹೊಯ್ದರೆ ಮುಖಕ್ಕೇ ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಹತ್ತಿರ ಸುಳಿಯಬಾರದು, ಅದನ್ನು ಇದು ತಿಂದುಹಾಕುತ್ತದೆ. ಚಳಿಗಾಲದ ಒಂದು ಬೆಳಗ್ಗೆ, ಅಂಗಳದ ಮೂಲೆಯಲ್ಲಿ ತಣ್ಣೀರಿನ ಟಬ್ಬಿನೊಳಗೆ ದಪ್ಪ ಪ್ಲಾಸ್ಟಿಕ್ ಬಕೆಟ್ ಇಟ್ಟು, ಕೈಗೆ ರಬ್ಬರು ಗವಸು, ಕಣ್ಣಿಗೆ ಶಾಲೆಯ ಕನ್ನಡಕ, ಮೈಗೆ ಹಳೆ ರೇನ್‌ಕೋಟು ತೊಟ್ಟು ಶುರುಮಾಡಿದೆ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಸಂಜೆ ಹೊತ್ತಿಗೆ ದ್ರಾವಣ ಆರಿ, ತಿಳಿಯಾಗಿ, ಐದು ಲೀಟರಿನ ಬಿಳಿ ಕ್ಯಾನಿನ ಕತ್ತಿನ ಕೆಳಗೆ ಬಂದು ನಿಂತಿತು. ನೋಡಲು ಅಪ್ಪಟ ನೀರು. ಎತ್ತಿದರೆ ಮಾತ್ರ ನೀರಿಗಿಂತ ತುಂಬ ಭಾರ.

ಇನ್ನು ಚೀಟಿ. ನಿವೃತ್ತಿಯ ದಿನ ನನ್ನ ಜೊತೆ ಮನೆಗೆ ಬಂದ ಬೋರ್ಡ್ ಮಾರ್ಕರುಗಳಲ್ಲಿ ಕಪ್ಪನೆಯದೊಂದನ್ನು ಹುಡುಕಿ ತೆಗೆದೆ. ಕಾಗದದ ಚೀಟಿ ಕಿತ್ತುಹೋಗುತ್ತದೆ ಎಂದು ನೇರ ಕ್ಯಾನಿನ ಮೈಮೇಲೇ ಬರೆದೆ. ಮೇಲಿನ ಸಾಲಿನಲ್ಲಿ ‘ಮುಟ್ಟಬೇಡಿ’. ಅದರ ಕೆಳಗೆ ‘ಕ್ಷಾರದ ನೀರು’. ಕೊನೆಯಲ್ಲಿ ‘ಅಪಾಯ’, ಪಕ್ಕದಲ್ಲಿ ಒಂದು ತಲೆಬುರುಡೆ, ಅಡ್ಡಲಾಗಿ ಎರಡು ಎಲುಬು. ಶಾರದೆ ಬಂದು ಬಹಳ ಹೊತ್ತು ನೋಡಿ, ಇದು ಯಾರ ಚಿತ್ರ, ನಿಮ್ಮದೇ ಇರಬೇಕು, ಕಿವಿ ಹಾಗೇ ಇದೆ ಎಂದಳು. ಬೋರ್ಡ್ ಮಾರ್ಕರಿನ ಗುಣವೇ ಒರೆಸಿದರೆ ಹೋಗುವುದು ಎಂದು ನಾನಾಗಲಿ ಅವಳಾಗಲಿ ಆಗ ಯೋಚಿಸಲಿಲ್ಲ. ವರ್ಷಗಟ್ಟಲೆ ಅದರಲ್ಲಿ ಬರೆದು ಒರೆಸಿದವನು ನಾನು.

ಕ್ಯಾನನ್ನು ಬಚ್ಚಲಮನೆಯ ಹಿಂದಿನ ಗೂಡಿನಲ್ಲಿ ಇಟ್ಟೆ. ಅಲ್ಲಿಯೇ ಇದ್ದಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಆ ವರ್ಷ ಚಳಿ ಜೋರು. ಒಂದು ಬೆಳಗ್ಗೆ ನೋಡಿದರೆ ಕ್ಯಾನಿನ ತಳದಲ್ಲಿ ಬಿಳಿ ಹರಳು ಕಟ್ಟಿದೆ. ಇಷ್ಟು ಗಟ್ಟಿ ದ್ರಾವಣ ಚಳಿಗೆ ಹಾಗಾಗುತ್ತದೆ, ಬೆಚ್ಚಗಿನ ಜಾಗದಲ್ಲಿಟ್ಟರೆ ಪುನಃ ಕರಗುತ್ತದೆ. ನಮ್ಮ ಮನೆಯಲ್ಲಿ ಬೆಚ್ಚಗಿನ ಜಾಗವೆಂದರೆ ಅಡುಗೆಮನೆಗೆ ತಾಗಿದ ಉಗ್ರಾಣ. ಒಳಗೆ ತರುವ ಮೊದಲು, ಹೊರಗೆ ಹನಿ ಅಂಟಿದ್ದರೆ ಯಾರ ಕೈಗಾದರೂ ತಾಗೀತು ಎಂಬ ಜಾಗ್ರತೆಯಿಂದ ಒದ್ದೆ ಬಟ್ಟೆಯಲ್ಲಿ ಕ್ಯಾನಿನ ಕೆಳಭಾಗವನ್ನೆಲ್ಲ ತಿಕ್ಕಿ ಒರೆಸಿದೆ. ಮುಚ್ಚಳದ ಸುತ್ತ ಅಂಟುಪಟ್ಟಿ ಸುತ್ತಿದೆ. ಕಪಾಟಿನ ಮೇಲಿನ ಅಟ್ಟಣಿಗೆಯಲ್ಲಿ ಗೋಡೆಗೆ ಒತ್ತಿ ಇಟ್ಟೆ, ಎರಡು ದಿನ ಬಿಟ್ಟು ವಾಪಸು ಒಯ್ಯುವುದೆಂದು. ಆ ಎರಡು ದಿನ ಎರಡು ತಿಂಗಳಾಯಿತು.

ಒರೆಸಿದ ಬಟ್ಟೆಯ ಜೊತೆ ಏನೇನು ಹೋಗಿತ್ತು ಎಂಬುದನ್ನು ನಾನು ಆಮೇಲೆ ನೋಡಿದ್ದು. ತಲೆಬುರುಡೆ ಹೋಗಿತ್ತು. ಅಪಾಯ ಹೋಗಿತ್ತು. ಮಧ್ಯದ ಸಾಲಿನಲ್ಲಿ ಅಕ್ಷರಗಳೆಲ್ಲ ಉಳಿದು, ಕೆಳಗೆ ನೇತಾಡುತ್ತಿದ್ದ ಷಕಾರದ ಒತ್ತು ಮಾತ್ರ ಹೋಗಿತ್ತು. ಈಗ ಕ್ಯಾನಿನ ಮೇಲೆ ಇದ್ದದ್ದು ಇಷ್ಟು: ‘ಮುಟ್ಟಬೇಡಿ. ಕಾರದ ನೀರು.’

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನನಗೂ ಕ್ಷಾರಕ್ಕೂ ನಂಟು ಶಾಲೆಯಲ್ಲಿ ಹುಟ್ಟಿದ್ದಲ್ಲ. ನಾನು ಐದು ವರ್ಷದವನಿರುವಾಗ ಆಯಿ, ನಮ್ಮ ತಾಯಿ, ಬಚ್ಚಲೊಲೆಯ ಬೂದಿಯನ್ನು ತೂತಿನ ಬುಟ್ಟಿಯಲ್ಲಿ ತುಂಬಿ, ಕೆಳಗೆ ಹುಲ್ಲು ಹಾಸಿ, ಮೇಲಿಂದ ನೀರು ಹೊಯ್ಯುತ್ತಿದ್ದಳು. ಕೆಳಗಿನ ಗಡಿಗೆಗೆ ತೊಟ್ಟುತೊಟ್ಟಾಗಿ ಹಳದಿ ನೀರು ಇಳಿಯುತ್ತಿತ್ತು. ಅದರಲ್ಲಿ ಕಂಬಳಿ, ಹಾಸಿಗೆಬಟ್ಟೆ ನೆನೆಹಾಕುವುದು. ಗಡಿಗೆಯನ್ನು ಮುಟ್ಟಬೇಡ ಎಂದು ಸಾವಿತ್ರಕ್ಕ ನನಗೆ ಹತ್ತು ಸಲ ಹೇಳಿದ್ದಳು. ಹೇಳಿದ್ದರಿಂದಲೇ ಕಷಾಯದ ಹಾಗೆ ಕಂಡ ಆ ನೀರನ್ನು ಚಿಪ್ಪಿನಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿದೆ. ನಾಲಿಗೆಯ ತುದಿ ಸುಲಿದುಹೋಯಿತು. ಓಡಿಬಂದು ಬಾಯಿ ತೊಳೆಸಿ, ನಾಗಂದಿಗೆಯ ಮೇಲಿದ್ದ ತುಪ್ಪದ ಗಿಂಡಿಗೆ ಕೈಹಾಕಿ ನಾಲಿಗೆಗೆ ಸವರಿದವಳು ಅಕ್ಕ. ದೇವರ ದೀಪದ ತುಪ್ಪ ಮುಟ್ಟಿದಳೆಂದು ಅಜ್ಜಿಯಿಂದ ಬೈಸಿಕೊಂಡವಳೂ ಅವಳೇ. ಅಳುತ್ತಿದ್ದ ನನ್ನನ್ನು ಸೊಂಟಕ್ಕೆ ಹಾಕಿಕೊಂಡು ಅವಳು ಬೈಗುಳವನ್ನು ನಿಂತು ಕೇಳಿದ್ದು ನನಗೆ ಇನ್ನೂ ನೆನಪಿದೆ.

ಬೆಳೆದ ಮೇಲೆ ನಾನು ಅದಕ್ಕೆ ತೋರಿಸಿದ ಕೃತಜ್ಞತೆ ಹೇಗಿತ್ತು ಗೊತ್ತೇ? ಅಕ್ಕ ಮಡಿಯವಳು. ಮಿಂದು, ಒಗೆದು ಒಣಗಿಸಿದ ಸೀರೆ ಉಟ್ಟು ಅಡುಗೆಗೆ ನಿಂತಳೆಂದರೆ ಮುಗಿಯುವವರೆಗೆ ಯಾರನ್ನೂ ಮುಟ್ಟುವುದಿಲ್ಲ. ಬಿ.ಎಸ್ಸಿ. ಮುಗಿಸಿ ಹೊಸದಾಗಿ ಮಾಸ್ತರನಾಗಿದ್ದ ನಾನು ವಿಜ್ಞಾನದ ಉರಿಯಲ್ಲಿ ಒಂದು ದಿನ ಬೇಕೆಂದೇ ಹೋಗಿ ಅವಳ ಸೆರಗು ಹಿಡಿದೆ. ಏನಾಯಿತು ಹೇಳು, ಆಕಾಶ ಬಿತ್ತೇ ಎಂದೆ. ಅವಳು ಹೊರಗೆ ಹೋಗಿ ತಣ್ಣೀರಿನಲ್ಲಿ ಪುನಃ ಮಿಂದು ಬಂದಳು, ಆ ದಿನ ಅವಳಿಗೆ ಕೆಮ್ಮಿತ್ತು. ಗೆದ್ದೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಮಡಿಯ ಹೆಸರಿನಲ್ಲಿ ಮನುಷ್ಯರನ್ನು ದೂರ ನಿಲ್ಲಿಸಿದ್ದರ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ, ಆ ಸಿಟ್ಟು ಬಿಡುವುದಿಲ್ಲ. ಆದರೆ ಕೆಮ್ಮುತ್ತಿದ್ದ ಅಕ್ಕನನ್ನು ತಣ್ಣೀರಿಗೆ ಇಳಿಸಿದ್ದರಲ್ಲಿ ಯಾವ ಸುಧಾರಣೆಯೂ ಇರಲಿಲ್ಲ.

ಇನ್ನು ಹಪ್ಪಳ. ಹಲಸಿನ ಹಪ್ಪಳದ ವಿಷಯ ಬೇರೆ. ಉದ್ದಿನ ಹಪ್ಪಳಕ್ಕೆ ಖಾರ ಬೇಕು. ಮೆಣಸಿನ ಖಾರವಲ್ಲ, ಕಿರಾಣಿ ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುವ ಹಪ್ಪಳದ ಖಾರ, ಒಂದು ಬಗೆಯ ಸೋಡಾ. ನಮ್ಮ ಹೆಂಗಸರ ಬಾಯಲ್ಲಿ ಕ್ಷಾರವೇ ಸವೆದು ಖಾರವಾಗಿದೆ. ಅದನ್ನು ಉಪ್ಪಿನ ಜೊತೆ ನೀರಿಗೆ ಹಾಕಿ ಕುದಿಸಿ, ಆರಿಸಿ, ಗಸಿ ಇಳಿದ ಮೇಲೆ ತಿಳಿಯನ್ನು ಬಸಿದು ಇಟ್ಟುಕೊಳ್ಳುತ್ತಾರೆ. ಅದಕ್ಕೆ ಖಾರದ ನೀರು ಎಂದು ಹೆಸರು. ಆ ನೀರಿನಲ್ಲಿ ಉದ್ದಿನ ಹಿಟ್ಟು ಕಲಸಿ, ಕೈಗೆ ಎಣ್ಣೆ ಸವರಿಕೊಂಡು, ಒರಳಲ್ಲಿ ಕುಟ್ಟಿ ಕುಟ್ಟಿ ಹದ ಮಾಡುವುದು. ಹದ ಬಂದ ಹಿಟ್ಟನ್ನು ಹಸಿಯಾಗಿಯೇ ತಿನ್ನುವುದು ನಮ್ಮ ಕಡೆಯ ದೊಡ್ಡ ಸುಖ. ಚಿಕ್ಕವನಿದ್ದಾಗ ಹಪ್ಪಳದ ದಿನ ನಾನು ಕದ್ದ ಉಂಡೆಗಳಿಂದ ಒಂದು ಕಂಬಳಿಯಷ್ಟು ಹಪ್ಪಳ ಲಟ್ಟಿಸಬಹುದಿತ್ತು. ದೊಡ್ಡವರೂ ಏನು ಕಡಿಮೆಯಿಲ್ಲ, ಉಪ್ಪು ನೋಡುವ ನೆಪದಲ್ಲಿ ತಿನ್ನುತ್ತಾರೆ.

ಆ ವರ್ಷ ಬಿಸಿಲು ಏರುವ ಹೊತ್ತಿಗೆ ನಮ್ಮ ಮನೆಯಲ್ಲಿ ಉದ್ದಿನ ಹಪ್ಪಳ ಮಾಡುವುದೆಂದಾಯಿತು. ಹದಕ್ಕೆ ಅಕ್ಕನೇ ಬರಬೇಕು. ಗೊತ್ತು ಮಾಡಿದ ದಿನವೇ ಶಾರದೆಗೆ ಯಲ್ಲಾಪುರದಲ್ಲಿ ತವರಿನವರ ಒಂದು ನಾಮಕರಣ ಬಂತು. ಅವಳು ಮುಂಜಾನೆಯೇ ಹೊರಟಳು. ಹೋಗುವ ಮುನ್ನ ಅಕ್ಕನಿಗೆ ಫೋನು ಮಾಡಿ, ಹಪ್ಪಳದ ಸಾಮಾನೆಲ್ಲ ಉಗ್ರಾಣದ ಕಪಾಟಿನಲ್ಲಿದೆ, ಶುರುಮಾಡಿ, ಮಧ್ಯಾಹ್ನ ಬಂದು ಸೇರಿಕೊಳ್ಳುತ್ತೇನೆ ಎಂದಳು. ಅಕ್ಕ ಹೆಗಡೆಕಟ್ಟಾದಿಂದ ಬೆಳಗಿನ ಬಸ್ಸಿಗೆ ಬಂದಳು. ಕುಟ್ಟಲು ಪಕ್ಕದ ಮನೆಯ ಗಿರಿಜಮ್ಮ ಬರುವವರಿದ್ದರು. ಅವರು ಬನವಾಸಿ ಕಡೆಯವರು, ತೋಳಿನಲ್ಲಿ ಬಲ ಇದೆ. ಹೆಂಗಸರ ಕೆಲಸದ ಮಧ್ಯೆ ನನಗೇನು ಕೆಲಸ ಎಂದು ನಾನು ಒಂದು ಚೀಲ ಸೋಪು ಹಿಡಿದು ಸೋಂದಾಕ್ಕೆ ಹೊರಟೆ. ನಮ್ಮ ಶಾಲೆಯಲ್ಲಿದ್ದ ಡ್ರಾಯಿಂಗ್ ಮಾಸ್ತರರು ಅಲ್ಲಿದ್ದಾರೆ. ನನ್ನ ಸೋಪನ್ನು ಮನಸಾರೆ ಹೊಗಳುವವರು ಈ ಸೀಮೆಯಲ್ಲಿ ಅವರೊಬ್ಬರೇ.

ಹೊಗಳಿಕೆ ಕೇಳಿ, ಚಹ ಕುಡಿದು, ಹನ್ನೊಂದರ ಸುಮಾರಿಗೆ ವಾಪಸು ಬಸ್ಸು ಹತ್ತಿದೆ. ಸೋಂದಾ ದಾಟಿ ಸ್ವಲ್ಪ ದೂರ ಬಂದಿರಬೇಕು, ಫೋನು ಬಡಿಯಿತು. ಅಕ್ಕ. ಬಸ್ಸಿನ ಗದ್ದಲದಲ್ಲೂ ಅವಳ ದನಿ ಸ್ಪಷ್ಟವಾಗಿತ್ತು.

“ತಮಾ, ಕಪಾಟಲ್ಲಿ ಒಂದು ಕ್ಯಾನು ಖಾರದ ನೀರು ಇದ್ದಲಾ, ಅದನ್ನ ಹಿಟ್ಟಿಗೆ ಹಾಕಿದ್…”

ಅಷ್ಟೇ. ಬಸ್ಸು ತಿರುವು ತಿರುಗಿತು, ಸಿಗ್ನಲ್ ಹೋಯಿತು.

ಒಂದು ಕ್ಷಣ ನನಗೆ ಯಾವ ಕ್ಯಾನು ಎಂದೇ ಹೊಳೆಯಲಿಲ್ಲ. ಹೊಳೆದಾಗ ಸೀಟಿನಿಂದ ಎದ್ದು ನಿಂತೆ. ಕಪಾಟಿನಲ್ಲಿ ಕ್ಯಾನು ಇರುವುದು ಒಂದೇ, ಅದನ್ನು ಅಲ್ಲಿ ಇಟ್ಟವನು ನಾನು. ಕ್ಷಾರದ ನೀರು ಎಂದು ಬರೆದದ್ದನ್ನು ಅಕ್ಕ ಖಾರದ ನೀರು ಎಂದು ಓದಿದ್ದಾಳೆ. ತಲೆಬುರುಡೆ ಇದೆಯಲ್ಲ, ನೋಡಲಿಲ್ಲವೇ ಎಂದು ಅವಳ ಮೇಲೆ ಸಿಟ್ಟು ಕೂಡ ಬಂತು ನೋಡಿ, ಆ ಸ್ಥಿತಿಯಲ್ಲೂ.

ಆಮೇಲೆ ಶುರುವಾದದ್ದು ವ್ಯಾಕರಣದ ಹಿಂಸೆ. ನಮ್ಮ ಮನೆಮಾತಿನಲ್ಲಿ ‘ಹಾಕಿದ್ದಿ’ ಎಂದರೆ ಹಾಕಿದ್ದೇನೆ. ‘ಹಾಕಿದ್ನಿಲ್ಲೆ’ ಎಂದರೆ ಹಾಕಿಲ್ಲ. ‘ಹಾಕಿದ್’ ಎನ್ನುವವರೆಗೆ ಎರಡೂ ಒಂದೇ. ಹೌದೋ ಅಲ್ಲವೋ ಎಂಬುದನ್ನು ನಾವು ಮಾತಿನ ಕಟ್ಟಕಡೆಗೆ ಇಟ್ಟುಕೊಂಡಿರುತ್ತೇವೆ. ಜೀವಮಾನದಲ್ಲಿ ಮೊದಲ ಬಾರಿ ನನಗೆ ನನ್ನ ಭಾಷೆಯ ಮೇಲೆ ಕೋಪ ಬಂತು. ಅವಳ ದನಿಯನ್ನು ಮನಸ್ಸಿನಲ್ಲಿ ಪುನಃ ಪುನಃ ಕೇಳಿದೆ. ಒಮ್ಮೆ ಕೇಳಿದರೆ ‘ದ್ದಿ’ಗೆ ಹೊರಟ ಹಾಗಿತ್ತು, ಇನ್ನೊಮ್ಮೆ ‘ನಿಲ್ಲೆ’ಗೆ ಹೊರಟ ಹಾಗಿತ್ತು. ಹಾಕದೇ ಇದ್ದದ್ದನ್ನು ಹೇಳಲು ಯಾರಾದರೂ ಫೋನು ಮಾಡುತ್ತಾರೆಯೇ ಎಂದು ಒಂದು ಮನಸ್ಸು ಹೇಳಿತು.

ರಸಾಯನಶಾಸ್ತ್ರ ಕಲಿತದ್ದಕ್ಕೂ ಆ ದಿನ ಪಶ್ಚಾತ್ತಾಪವಾಯಿತು. ಏನೂ ತಿಳಿಯದವನಿಗೆ ಹೆದರಿಕೆ ಒಂದೇ ಮುದ್ದೆಯಾಗಿ ಆಗುತ್ತದೆ, ನನಗೆ ಬಿಡಿಬಿಡಿಯಾಗಿ ಆಯಿತು. ಕಾಸ್ಟಿಕ್ ಚರ್ಮಕ್ಕೆ ತಾಗಿದರೆ ಮೊದಲು ಉರಿಯುವುದಿಲ್ಲ, ಜಾರುತ್ತದೆ. ಹಪ್ಪಳ ಮಾಡುವ ಕೈ ಮೊದಲೇ ಎಣ್ಣೆಯಲ್ಲಿ ಜಾರುತ್ತಿರುತ್ತದೆ, ಗೊತ್ತೇ ಆಗುವುದಿಲ್ಲ. ಹದ ಬಂದ ಮೇಲೆ ಅಕ್ಕ ಉಪ್ಪು ನೋಡಲು ಒಂದು ಉಂಡೆ ಬಾಯಿಗೆ ಹಾಕುತ್ತಾಳೆ, ಗಿರಿಜಮ್ಮನಿಗೂ ಕೊಡುತ್ತಾಳೆ. ಬೂದಿಯ ನೀರು ನನ್ನ ನಾಲಿಗೆಯ ತುದಿ ಸುಲಿದಿತ್ತು. ಇದು ಅದರ ಎಷ್ಟು ಪಟ್ಟು ಎಂದು ಲೆಕ್ಕ ಹಾಕಲು ಹೋದ ತಲೆಯನ್ನು ಕಷ್ಟಪಟ್ಟು ನಿಲ್ಲಿಸಿದೆ.

ಕಂಡಕ್ಟರು ನನ್ನ ಹಳೆಯ ವಿದ್ಯಾರ್ಥಿ. ಅವನ ಫೋನಿನಲ್ಲಿ ಸಿಗ್ನಲ್ ಇದೆಯೇ ಎಂದೆ. ಈ ಕಾಡು ದಾಟುವವರೆಗೆ ಯಾರದ್ದರಲ್ಲೂ ಇಲ್ಲ ಸರ್ ಎಂದ. ಬಸ್ಸು ಎಂದಿನಂತೆ ಕೈ ಅಡ್ಡ ಹಿಡಿದಲ್ಲೆಲ್ಲ ನಿಂತಿತು. ಒಂದು ಕಡೆ ಡ್ರೈವರು ಯಾರಿಗೋ ಔಷಧಿ ಪೊಟ್ಟಣ ಕೊಟ್ಟು, ಊಟಕ್ಕೆ ಮೊದಲು ಒಂದು, ಊಟವಾದ ಮೇಲೆ ಎರಡು ಎಂದು ವಿವರಿಸಿದ. ಬೇರೆ ದಿನವಾಗಿದ್ದರೆ ಇದನ್ನು ನೋಡಿ ನಮ್ಮ ಕಡೆಯವರ ಒಳ್ಳೆಯತನವೆಂದು ಮನಸ್ಸು ತುಂಬಿ ಬರುತ್ತಿತ್ತು. ಶಿರಸಿ ಹತ್ತಿರವಾದಂತೆ ಫೋನಿನಲ್ಲಿ ಗೆರೆಗಳು ಮೂಡಿದವು. ಅಕ್ಕನಿಗೆ ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಪುನಃ ಹಚ್ಚಿದೆ, ಎತ್ತಲಿಲ್ಲ. ಏಳು ಸಲ. ಕೈಯೆಲ್ಲ ಹಿಟ್ಟಾಗಿರುತ್ತದೆ, ಅದಕ್ಕೇ ಎತ್ತುತ್ತಿಲ್ಲ ಎಂದುಕೊಂಡೆ. ಹಾಗಾದರೆ ಹಿಟ್ಟು ಕಲಸಿ ಆಗಿದೆ ಎಂಬುದೂ ಅದರೊಳಗೇ ಬಂತು.

ಬಸ್‌ಸ್ಟ್ಯಾಂಡಿನಿಂದ ಆಟೋ ಹಿಡಿದು ಮನೆ ಮುಟ್ಟಿದೆ. ಗೇಟಿನಲ್ಲೇ ಒನಕೆಯ ಸದ್ದು ಕೇಳಿತು. ಯಾರೂ ಬಿದ್ದಿಲ್ಲ, ಕುಟ್ಟುತ್ತಿದ್ದಾರೆ. ಚಪ್ಪಲಿ ಹಾಕಿಕೊಂಡೇ ಒಳಗೆ ಓಡಿದೆ. ಗಿರಿಜಮ್ಮ ಒನಕೆ ಹಿಡಿದು ನಿಂತಿದ್ದರು. ಅಕ್ಕ ಒರಳಿನ ಪಕ್ಕ ಕುಳಿತು, ಎಣ್ಣೆಗೈಯಲ್ಲಿ ಒಂದು ಉಂಡೆ ಚಿವುಟಿ ತೆಗೆದು ಬಾಯಿಯ ಹತ್ತಿರ ತಂದಿದ್ದಳು. ನಾನು ಆ ಕೈಗೆ ಹೊಡೆದೆ. ಉಂಡೆ ಹಾರಿ ಗೋಡೆಗೆ ಬಡಿದು ಅಲ್ಲೇ ಅಂಟಿಕೊಂಡಿತು.

ಅಕ್ಕ ನನ್ನನ್ನು ನೋಡಿದಳು, ನನ್ನ ಕಾಲು ನೋಡಿದಳು.

“ಎಂತ ಆತು ತಮಾ ನಿಂಗೆ? ಚಪ್ಲಿ ಹಾಕ್ಯಂಡೇ ಒಳಗೆ ಬಂದ್ಯಲಾ.”

ನನಗೆ ಉಸಿರು ಸಿಗುತ್ತಿರಲಿಲ್ಲ. ಹಿಟ್ಟಿಗೆ ಯಾವ ನೀರು ಹಾಕಿದೆ, ಕ್ಯಾನಿನದೇ ಎಂದು ಕೇಳಿದೆನೋ, ಬರೀ ಒರಳಿನ ಕಡೆಗೆ ಕೈ ತೋರಿಸಿದೆನೋ ತಿಳಿಯದು. ಅವಳು ದಡ್ಡ ಹುಡುಗನಿಗೆ ಮಗ್ಗಿ ಹೇಳಿಕೊಡುವ ದನಿಯಲ್ಲಿ ಹೇಳಿದಳು.

“ಫೋನಲ್ಲಿ ಹೇಳಿದ್ನಲಾ, ಅದನ್ನ ಹಿಟ್ಟಿಗೆ ಹಾಕಿದ್ನಿಲ್ಲೆ ಹೇಳಿ. ಮುಟ್ಟಬೇಡಿ ಹೇಳಿ ಬರದಿದ್ದು. ಅಪ್ಪಯ್ಯನ ಶ್ರಾದ್ಧದ ಹಪ್ಪಳಕ್ಕೆ ಶಾರದೆ ಮಡಿಲಿ ಮಾಡಿಟ್ಟಿದ್ದು ಅಂದ್ಕಂಡಿ. ಆನು ಬಸ್ಸಲ್ಲಿ ಬಂದಿದ್ದಿ, ಹೆಂಗೆ ಮುಟ್ಲಿ?”

ಮುಂದಿನ ತಿಂಗಳು ಅಪ್ಪಯ್ಯನ ಶ್ರಾದ್ಧವಿತ್ತು. ಶ್ರಾದ್ಧಕ್ಕೆ ಹಪ್ಪಳವನ್ನು ಅಕ್ಕ ಮಡಿಯಲ್ಲಿ ಬೇರೆಯೇ ಮಾಡುತ್ತಾಳೆ. ಕ್ಯಾನಿನ ಮೇಲೆ ಬರೆದದ್ದನ್ನು ಅವಳು ಇಡಿಯಾಗಿ ಓದಿದ್ದಳು, ಇಡಿಯಾಗಿ ತಪ್ಪು ತಿಳಿದಿದ್ದಳು, ಇಡಿಯಾಗಿ ಪಾಲಿಸಿದ್ದಳು. ಪೊಟ್ಟಣದ ಖಾರವನ್ನು ಬೇರೆ ಪಾತ್ರೆಯಲ್ಲಿ ಕುದಿಸಿ, ಆರಿಸಿ, ಅದರಲ್ಲಿ ಹಿಟ್ಟು ಕಲಸಿದ್ದಳು. ನನಗೆ ಫೋನು ಮಾಡಿದ್ದು, ನಿಮ್ಮ ಮಡಿಯ ನೀರು ಕೆಡಿಸಿಲ್ಲ, ಶಾರದೆಗೆ ಹೇಳಿಬಿಡು ಎಂದು ತಿಳಿಸುವುದಕ್ಕೆ.

ಗಿರಿಜಮ್ಮ ಒನಕೆಯನ್ನು ಗೋಡೆಗೆ ಒರಗಿಸಿ ತಮ್ಮದನ್ನೂ ಒಪ್ಪಿಕೊಂಡರು.

“ನಾನ ಆ ಕ್ಯಾನ ಇಳಸಾಕ ಹೋಗಿದ್ನಿರಿ ಸರ. ಭಾಳ ವಜ್ಜಿ ಇತ್ತು. ನಿಮ್ಮಕ್ಕಾರು ಬ್ಯಾಡ, ಮುಟ್ಟಬ್ಯಾಡ್ರಿ ಅಂದ್ರು.”

ಉಗ್ರಾಣಕ್ಕೆ ಹೋಗಿ ನೋಡಿದೆ. ಕ್ಯಾನು ಕಪಾಟಿನ ಅಂಚಿಗೆ ಬಂದು ನಿಂತಿತ್ತು. ಮುಚ್ಚಳದ ಸುತ್ತ ನಾನು ಸುತ್ತಿದ ಅಂಟುಪಟ್ಟಿ ಹಾಗೆಯೇ ಇತ್ತು. ಷಕಾರದ ಒತ್ತು ಇದ್ದ ಜಾಗದಲ್ಲಿ ಒಂದು ಬೂದುಬಣ್ಣದ ಕಲೆ. ಕ್ಯಾನನ್ನು ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡು ಅಲ್ಲೇ ನೆಲಕ್ಕೆ ಕುಳಿತೆ. ಅಳು ಬಂತು, ನಗುವೂ ಬಂತು, ಎರಡರಲ್ಲಿ ಯಾವುದನ್ನೂ ತಡೆಯಲಿಲ್ಲ. ಅಷ್ಟು ನಿರಾಳ ನನಗೆ ಜೀವನದಲ್ಲಿ ಇನ್ನೊಮ್ಮೆ ಆದ ನೆನಪಿಲ್ಲ. ಮಗಳ ಹೆರಿಗೆ ಸುಸೂತ್ರವಾಯಿತೆಂದು ನರ್ಸು ಬಂದು ಹೇಳಿದ ದಿನವೂ ನಾನು ನಿಂತುಕೊಂಡೇ ಇದ್ದೆ.

ಅಕ್ಕ ಬಾಗಿಲಲ್ಲಿ ಬಂದು ನಿಂತಳು. ನಾನು ನಿಜ ಹೇಳದೆ ಇರಬಹುದಿತ್ತು. ಅವಳ ಮುಖದಲ್ಲಿ ಒಂದು ಸಂತೋಷ ಇದ್ದದ್ದು ಆಗ ನನ್ನ ಗಮನಕ್ಕೆ ಬಂತು. ಅಂತೂ ಮಡಿಮೈಲಿಗೆ ಇಲ್ಲದ ತಮ್ಮನ ಮನೆಯಲ್ಲೂ ಅಪ್ಪಯ್ಯನ ಹೆಸರಿನಲ್ಲಿ ಒಂದು ಕ್ಯಾನು ನೀರನ್ನಾದರೂ ತೆಗೆದಿಟ್ಟಿದ್ದಾರಲ್ಲ ಎಂಬ ಸಂತೋಷ ಅದು. ಅದನ್ನು ಕೆಡಿಸುವುದು ಕಷ್ಟವೆನಿಸಿತು. ಆದರೂ ಎಲ್ಲವನ್ನೂ ಹೇಳಿದೆ: ಇದು ಸೋಪಿನದ್ದು, ಬರೆದದ್ದು ನಾನು, ಒರೆಸಿದ್ದೂ ನಾನು, ಇದು ಹಿಟ್ಟಿಗೆ ಬಿದ್ದಿದ್ದರೆ ನಿಮ್ಮಿಬ್ಬರ ಗತಿ ಏನಾಗುತ್ತಿತ್ತು ಎಂಬುದನ್ನೂ. ಗಿರಿಜಮ್ಮ ಎರಡೂ ಕೈಗಳನ್ನು ಸೆರಗಿಗೆ ಒರೆಸಿಕೊಂಡರು.

“ಹಂಗಾರೆ ಅದು ಮಡಿ ನೀರಲ್ಲ” ಎಂದಳು ಅಕ್ಕ.

ಅಲ್ಲ ಅಕ್ಕಾ ಎಂದೆ. ಅವಳು ಬಾಗಿ, ಕ್ಯಾನಿನ ಮೇಲಿನ ಅಕ್ಷರಗಳನ್ನು ಇನ್ನೊಮ್ಮೆ ಓದಿದಳು.

“ಸಣ್ಣ ಇದ್ದಾಗ ಬೇಡ ಅಂದಿದ್ದೇ ಮುಟ್ತಿದ್ದೆ ನೀನು. ಆನು ಬೇಡ ಅಂದಿದ್ದು ಮುಟ್ತ್ನಿಲ್ಲೆ. ಅಷ್ಟೇಯ. ಏಳು, ಕೈ ತೊಳ್ಕಂಡು ಬಾ, ಹಿಟ್ಟು ತಿನ್ನಲಕ್ಕು.”

ಚಪ್ಪಲಿ ಹೊರಗಿಟ್ಟು, ಕೈಕಾಲು ತೊಳೆದು ಬಂದು ಐದು ಉಂಡೆ ತಿಂದೆ. ಆರನೆಯದಕ್ಕೆ ಅಕ್ಕ ಕೈಗೆ ಹೊಡೆದಳು. ಹಿಂದಿನ ಬಾಕಿ ತೀರಿತು ಎಂದು ಗಿರಿಜಮ್ಮ ನಕ್ಕರು. ಮಧ್ಯಾಹ್ನ ಯಲ್ಲಾಪುರದಿಂದ ಬಂದ ಶಾರದೆ ಕತೆಯನ್ನೆಲ್ಲ ಕೇಳಿದಳು. ಆಮೇಲೆ ಗೋಡೆಗೆ ಅಂಟಿದ್ದ ಉಂಡೆಯನ್ನು ಕೆರೆಯುತ್ತ, ಎಷ್ಟೋ ವರ್ಷ ಮಕ್ಕಳ ಒತ್ತು ತಿದ್ದಿದವರಲ್ಲವೇ ನೀವು ಎಂದಳು. ಅರ್ಧ ಅಂಕ ಕಳೆದಿದ್ದರೆ ಸಹಿಸಬಹುದಿತ್ತು.

ಕ್ಯಾನು ಅದೇ ದಿನ ಬಚ್ಚಲಿನ ಹಿಂದಿನ ಗೂಡಿಗೆ ಹೋಯಿತು. ಗೂಡಿಗೆ ಈಗ ಬಾಗಿಲು ಇದೆ, ಬಾಗಿಲಿಗೆ ಬೀಗ ಇದೆ. ಹರಳು ಕಟ್ಟಿದರೆ ಕಟ್ಟಲಿ, ಬಿಸಿಲು ಬಂದಾಗ ಕರಗುತ್ತದೆ. ಸೋಂದಾದ ಡ್ರಾಯಿಂಗ್ ಮಾಸ್ತರರನ್ನು ಕರೆಸಿ ಅದರ ಮೇಲೆ ಆಯಿಲ್ ಪೇಂಟಿನಲ್ಲಿ ಬರೆಸಿದ್ದೇನೆ. ಷಕಾರದ ಒತ್ತನ್ನು ಅಕ್ಷರಕ್ಕಿಂತ ದೊಡ್ಡದಾಗಿ, ಕೆಂಪಿನಲ್ಲಿ ಬರೆಯಿರಿ ಎಂದೆ. ಹಾಗೆ ಬರೆದರೆ ಅಂದ ಕೆಡುತ್ತದೆ ಎಂದು ಅವರು ವಾದಿಸಿದರು. ಕೆಡಲಿ ಎಂದೆ. ತಲೆಬುರುಡೆ ಮಾತ್ರ ತುಂಬ ಚೆನ್ನಾಗಿ ಬಂದಿದೆ, ಈ ಸಲ ಕಿವಿಯಿಲ್ಲ.

ಅಪ್ಪಯ್ಯನ ಶ್ರಾದ್ಧದ ಹಪ್ಪಳಕ್ಕೆ ಖಾರದ ನೀರು ಕುದಿಸಿದ್ದು ನಾನು. ನಸುಕಿನಲ್ಲೇ ತಣ್ಣೀರು ಮಿಂದು, ಒದ್ದೆ ಪಂಚೆಯಲ್ಲಿ ಒಲೆಯ ಮುಂದೆ ಕುಳಿತು ಕುದಿಸಿದೆ. ನನಗೆ ಅದರಲ್ಲಿ ಹೊಸ ನಂಬಿಕೆಯೇನೂ ಬಂದಿಲ್ಲ. ಅಕ್ಕನ ಮುಖದಿಂದ ನಾನು ತೆಗೆದುಬಿಟ್ಟ ಆ ಸಂತೋಷವನ್ನು ವಾಪಸು ಇಡಬೇಕಿತ್ತು, ಅಷ್ಟೇ. ಪಾತ್ರೆಯ ಮೇಲೆ ‘ಮುಟ್ಟಬೇಡಿ’ ಎಂದು ಬರೆಯಲೇ ಎಂದು ಕೇಳಿದೆ. ಯಾವ ಅರ್ಥದಲ್ಲಿ ಎಂದು ಶಾರದೆ ಕೇಳಿದಳು. ಬರೆಯಲಿಲ್ಲ. ಅಕ್ಕ ಬಂದು ಪಾತ್ರೆ ನೋಡಿ ಹಿಟ್ಟು ಕಲಸಲು ಕುಳಿತಳು. ಆ ವರ್ಷದ ಹಪ್ಪಳ ಎಣ್ಣೆಗೆ ಬಿದ್ದಾಗ ಎಂದಿಗಿಂತ ಹೆಚ್ಚು ಅರಳಿತು ಎಂದು ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ.

ಆ ಬಸ್ಸಿನಲ್ಲಿ ನಾನು ಪಟ್ಟ ಪಾಡನ್ನು ಅವಳಿಗೆ ಆಮೇಲೆ ಒಮ್ಮೆ ಹೇಳಿದ್ದೆ, ಒಂದು ‘ನಿಲ್ಲೆ’ ಸಿಗದೆ ಸೋಂದಾದಿಂದ ಶಿರಸಿಯವರೆಗೆ ಸತ್ತು ಬದುಕಿದ್ದನ್ನು. ಅಂದಿನಿಂದ ಫೋನಿನಲ್ಲಿ ಅವಳ ಮಾತಿನ ಕ್ರಮವೇ ಬದಲಾಗಿದೆ. ಎತ್ತಿದ ಕೂಡಲೇ ಮೊದಲು “ಎಂತೂ ಆಜಿಲ್ಲೆ, ತಮಾ” ಎನ್ನುತ್ತಾಳೆ. ಏನೂ ಆಗಿಲ್ಲ ಎಂದು. ಸುದ್ದಿ ಆಮೇಲೆ. ಎಷ್ಟೋ ಸಲ ಸುದ್ದಿ ಶುರುವಾಗುವ ಮೊದಲೇ ಸಿಗ್ನಲ್ ಹೋಗುತ್ತದೆ. ನಾನು ಪುನಃ ಹಚ್ಚಲು ಅವಸರ ಮಾಡುವುದಿಲ್ಲ. ಬೇಕಾದದ್ದು ಬಂದು ತಲುಪಿರುತ್ತದೆ.